ಹಂದಿಗೋಡು ಕಾಯಿಲೆ: ಗುಂಪಿನವರ ಗಮನಕ್ಕೆ

ನಮಸ್ಕಾರ. ನಿನ್ನೆ ಕೊಪ್ಪದಲ್ಲಿ ಒಬ್ಬ ಹುಡುಗ ಬಸ್ ಹತ್ತಲು ಕೈಯಿಂದ ತೊಡೆ ಎತ್ತಿ ಮೆಟ್ಟಿಲ ಮೇಲಿಟ್ಟ. ಹಂದಿಗೋಡು ಕಾಯಿಲೆ ನೆನಪಾಯಿತು.

1970ರ ದಶಕದಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ಹತ್ತಿರ, ಹಂದಿಗೋಡು ಎಂಬ ಊರಲ್ಲಿ ಬೆಳಕಿಗೆ ಬಂದ ಇದು ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೂ ಇದೆ. ಹೆಚ್ಚಾಗಿ ಸೊಂಟದ ಕೀಲಿನಲ್ಲಿ ನೋವು ಶುರು, ಬರಬರುತ್ತಾ ನಡೆಯೋದೇ ಕಷ್ಟ. ಔಷಧಿ ಹೊಡೆದ ಗದ್ದೆಯ ಏಡಿ ತಿಂದದ್ದಕ್ಕೆ ಬಂತು ಅಂತ ಮೊದಲು ಅನುಮಾನವಿತ್ತು. ಸಂಶೋಧಕರು ಎಕ್ಸ್‌ರೇ, ಮನೆತನದ ವಿವರ ನೋಡಿ, ವಂಶದಲ್ಲಿ ಬರುವ ಮೂಳೆ ಕಾಯಿಲೆ ಎಂದರು. ಅಪ್ಪನಿಗೋ ಅಮ್ಮನಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಇದು ಅಂಟುವುದಿಲ್ಲ, ಶಾಪವಂತೂ ಅಲ್ಲವೇ ಅಲ್ಲ. ಈ ಮಾತು ಊರೂರಿಗೆ ಮುಟ್ಟಬೇಕು.

ಮಕ್ಕಳು ಸೊಂಟ ನೋವು ಅಂದರೆ ಸುಮ್ನೆ ಎಣ್ಣೆ ತಿಕ್ಕಿ ಬಿಡಬೇಡಿ, ಮೂಳೆ ಡಾಕ್ಟರಿಗೆ ತೋರಿಸಿ. ನೋವಿರುವವರ ಹೆಸರು ಇಲ್ಲಿ ಹಾಕಬೇಡಿ, ನನಗೊಬ್ಬಳಿಗೇ ಮೆಸೇಜ್ ಮಾಡಿ. ಜೊತೆಗೆ ಆಸ್ಪತ್ರೆಗೆ ಬರುತ್ತೇನೆ.