ಎಫ್‌ಸಿ ಕೆಲಸ ಮಳೆಗಾಲಕ್ಕೆ ಮೊದಲೇ ಆಗಲಿ

ಮಾನ್ಯ ಸಂಪಾದಕರೇ,

ಮೊನ್ನೆ ಹುಬ್ಬಳ್ಳಿಗೆ ಲೋಡ್ ಹಾಕಿಸುವಾಗ ಟ್ರಾನ್ಸ್‌ಪೋರ್ಟ್ ಆಫೀಸಿನ ಹುಡುಗ ನನ್ನ ಲಾರಿ ನಂಬರನ್ನು ಮೊಬೈಲಿಗೆ ಹಾಕಿ ನೋಡಿದ. ‘ಅಣ್ಣ, ನಿಮ್ಮ ಎಫ್‌ಸಿ ಮುಗಿದು ಎರಡು ತಿಂಗಳಾಯ್ತಲ್ಲ’ ಎಂದ. ಎಫ್‌ಸಿ ಅಂದರೆ ಗಾಡಿ ರಸ್ತೆಗೆ ಇಳಿಯಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್. ನನಗೆ ನಂಬಿಕೆಯೇ ಬರಲಿಲ್ಲ. ಅದರ ಹಿಂದಿನ ಸಲ ಎರಡು ವರ್ಷಕ್ಕೆ ಸಿಕ್ಕಿತ್ತು. ಈ ಸಲವೂ ಅಷ್ಟೇ ಅಂದುಕೊಂಡು ತಾರೀಕು ಓದದೆ ಕಾಗದ ಮಡಿಚಿ ಇಟ್ಟಿದ್ದೆ. ಎಂಟು ವರ್ಷದೊಳಗಿನ ಲಾರಿಗೆ ಎರಡು ವರ್ಷಕ್ಕೊಮ್ಮೆ, ಎಂಟು ದಾಟಿದರೆ ಪ್ರತಿ ವರ್ಷ. 2018ರ ಕೊನೆಯಿಂದ ಇದೇ ನಿಯಮ. ನನ್ನ ಗಾಡಿಗೆ ವಯಸ್ಸಾಗಿದ್ದೇ ನನಗೆ ಗೊತ್ತಾಗಲಿಲ್ಲ!

ತಡವಾದರೆ ದಿನಕ್ಕೆ 50 ರೂಪಾಯಿ. ಕೆಲಸ ಮಾಡಿಸಿ ಗಾಡಿ ತೋರಿಸುವಷ್ಟರಲ್ಲಿ 73 ದಿನವಾಗಿ, 3,650 ರೂಪಾಯಿ ಜಾಸ್ತಿ ಕಟ್ಟಿದೆ. ಲಾರಿ ನಿಂತ ದಿನಗಳ ಬಾಡಿಗೆ ಹೋಗಿದ್ದು ಬೇರೆ. ತಪ್ಪು ನನ್ನದೇ. ಆದರೆ ಎಫ್‌ಸಿ ಇಲ್ಲದ ಲಾರಿ ಕಾನೂನಿನ ಕಣ್ಣಿಗೆ ನೋಂದಣಿಯೇ ಇಲ್ಲದ ಲಾರಿ. ಅಂಥ ಗಾಡಿ ಎರಡು ತಿಂಗಳು ಅರಬೈಲ್ ಘಟ್ಟ ಹತ್ತಿ ಇಳಿದಿದೆ ಅಂತ ನೆನೆದರೆ ಈಗಲೂ ಮೈ ಬೆವರುತ್ತದೆ. ಈಗ ತಾರೀಕನ್ನು ಕ್ಯಾಬಿನ್ ಒಳಗೆ, ದೇವರ ಫೋಟೊದ ಕೆಳಗೇ ಬರೆಸಿದ್ದೇನೆ.

ನಿಜವಾದ ಭಯ ಹುಟ್ಟಿದ್ದು ಗ್ಯಾರೇಜಿನಲ್ಲಿ. ಮೆಕ್ಯಾನಿಕ್ ಲಾರಿಯ ಅಡಿಗೆ ಮಲಗಿ ಚಾಸಿಗೆ, ಅಂದರೆ ಇಡೀ ಗಾಡಿ ಹೊರುವ ಕಬ್ಬಿಣದ ಚೌಕಟ್ಟಿಗೆ, ಸುತ್ತಿಗೆಯಿಂದ ತಟ್ಟಿದರು. ಹಪ್ಪಳದ ಹಾಗೆ ತುಕ್ಕು ಉದುರಿತು. ಮೇಲಿಂದ ನೋಡಿದರೆ ಪೇಂಟ್ ಚೆನ್ನಾಗಿಯೇ ಇತ್ತು. ಮೊದಲು ಇದೇ ಲಾರಿಯಲ್ಲಿ ನಾಲ್ಕು ವರ್ಷ ಮೀನು ಸಾಗಿಸಿದ್ದೆ. ಐಸ್ ಕರಗಿ ಉಪ್ಪುನೀರು ಬಾಡಿಯ ಸಂದಿಯಿಂದ ಚಾಸಿಗೆ, ಪಾಟಾಕ್ಕೆ (ಸ್ಪ್ರಿಂಗ್ ಪಟ್ಟಿಗಳಿಗೆ), ಬ್ರೇಕ್ ಪೈಪಿಗೆ ಸೋರುತ್ತಿತ್ತು. ಅದು ಸಾಲದು ಅಂತ ಸಮುದ್ರದ ಗಾಳಿ. ಘಟ್ಟದ ಮೇಲಿನವರ ಇದೇ ವಯಸ್ಸಿನ ಗಾಡಿ ಇಷ್ಟು ಹಾಳಾಗುವುದಿಲ್ಲ. ಬ್ರೇಕಿಗೆ ಬೇಕಾದ ಗಾಳಿ ತುಂಬಿಡುವ ಏರ್ ಟ್ಯಾಂಕಿನ ಡ್ರೈನ್ ತೆರೆದರೆ ಲೋಟದಷ್ಟು ಕಂದು ನೀರು ಬಂತು. ಅದನ್ನು ದಿನಾ ಬೆಳಿಗ್ಗೆ ಬಿಡಬೇಕು, ಅರ್ಧ ನಿಮಿಷದ ಕೆಲಸ. ಬಿಡದಿದ್ದರೆ ನೀರು ವಾಲ್ವ್‌ಗೆ ಹೋಗಿ ಬ್ರೇಕ್ ಹಿಡಿಯುವುದೇ ನಿಧಾನವಾಗುತ್ತದೆ. ಘಟ್ಟ ಇಳಿಯುವಾಗ ಅದನ್ನು ಕಲಿಯುವುದು ಬೇಡ.

ನಮ್ಮಲ್ಲಿ ಎಫ್‌ಸಿ ದಿನ ಲಾರಿ ಮದುವೆಗೆ ಹೊರಟ ಹಾಗಿರುತ್ತದೆ. ಹೊಸ ಪೇಂಟ್, ಹೊಸ ರೇಡಿಯಂ ಪಟ್ಟಿ, ಪಕ್ಕದ ಗಾಡಿಯಿಂದ ತಂದ ಬೆಂಕಿ ಆರಿಸುವ ಸಿಲಿಂಡರ್, ಗೆಳೆಯನ ಲಾರಿಯ ಒಳ್ಳೆ ಟೈರು. ಸಂಜೆಗೆ ಎಲ್ಲ ವಾಪಸ್. ನಾನೂ ಒಮ್ಮೆ ಮಾಡಿದ್ದೇನೆ, ಸುಳ್ಳು ಹೇಳುವುದಿಲ್ಲ. ಆಗ ಹೊಡೆಸಿದ ಪೇಂಟೇ ಈ ತುಕ್ಕನ್ನು ಮುಚ್ಚಿಟ್ಟಿದ್ದು. ಯಂತ್ರದಿಂದಲೇ ಗಾಡಿ ಪರೀಕ್ಷಿಸುವ ಕೇಂದ್ರಗಳು ಬರುತ್ತಿವೆ ಅನ್ನುತ್ತಾರೆ. ಬರಲಿ, ರೋಲರ್ ಮೇಲೆ ಬ್ರೇಕ್ ಅಳೆಯುವಾಗ ಪೇಂಟ್ ಯಾರೂ ನೋಡುವುದಿಲ್ಲ. ಆದರೆ ಭಟ್ಕಳದ ಒಂಟಿ ಲಾರಿಯವನನ್ನು ಅದಕ್ಕಾಗಿ ಇನ್ನೊಂದು ಜಿಲ್ಲೆಗೆ ಓಡಿಸಬಾರದು.

ಎಫ್‌ಸಿ ತಾರೀಕು ಯಾವ ತಿಂಗಳಲ್ಲೇ ಇರಲಿ, ಕರಾವಳಿಯ ಗಾಡಿಗೆ ಅಡಿ ಕೆಲಸ ಆಗಬೇಕಾದದ್ದು ಮಳೆಗೆ ಮೊದಲು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುವಾಗ ಮೀನಿನ ಲಾರಿಗಳು ಸುಮ್ನೆ ನಿಂತಿರುತ್ತವೆ, ಆಗ ಮಾಡಿಸೋಣ ಅನ್ನುವವರೇ ಹೆಚ್ಚು. ಆದರೆ ನಮ್ಮ ಜುಲೈ ಮಳೆಯಲ್ಲಿ ಪೇಂಟ್ ಒಣಗುತ್ತದೆಯೇ? ಒದ್ದೆ ಕಬ್ಬಿಣದ ಮೇಲೆ ಹೊಡೆದ ಪೇಂಟ್ ದೀಪಾವಳಿಗೆ ಸಿಪ್ಪೆ ಏಳುತ್ತದೆ. ಕಲ್ಲು, ಮರಳು, ತರಕಾರಿ ಹೊರುವ ನಮಗಂತೂ ಆ ರಜೆಯೂ ಇಲ್ಲ.

ಹಾಗಾಗಿ ಸಾರಿಗೆ ಇಲಾಖೆಗೆ ಒಂದು ವಿನಂತಿ. ಪ್ರತಿ ಏಪ್ರಿಲ್‌ನಲ್ಲಿ ಅಂಕೋಲಾ, ಕುಮಟಾ, ಭಟ್ಕಳ, ಶಿರಸಿಯಲ್ಲಿ ಒಂದೊಂದು ದಿನ ತಪಾಸಣೆ ಕ್ಯಾಂಪ್ ಇಡಿ. ಆ ದಿನ ದಂಡ ಬೇಡ, ಸರ್ಟಿಫಿಕೇಟೂ ಬೇಡ. ಅಡಿಗೆ ಇಳಿದು ನೋಡಿ, ಏನೇನು ಸರಿಯಿಲ್ಲ ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ. ದಂಡ ಇಲ್ಲ ಅಂದರೆ ನಮ್ಮವರು ಬಾಡಿಗೆ ಟೈರ್ ಹಾಕದೆ, ಇದ್ದ ಗಾಡಿಯನ್ನು ಇದ್ದ ಹಾಗೇ ತರುತ್ತಾರೆ. ಮೊದಲ ಗಾಡಿ ನನ್ನದೇ ಇರಲಿ.

– ಒಬ್ಬ ಲಾರಿ ಮಾಲೀಕ, ಅಂಕೋಲಾ