ಅದು ಮಾಯಾ ಕನ್ನಡಕ ಅಲ್ಲ, ಶಟರ್

ಮಾನ್ಯ ಸಂಪಾದಕರೇ,

ಮಂಜಿನಂಥ ವಸ್ತುವಿನ ಆಚೆ ಇರುವುದನ್ನು ತೋರಿಸುವ ಗಾಜಿನ ಬಗ್ಗೆ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಲೇಖನ ಓದಿದೆ. ಇಂಥ ವಿಷಯಕ್ಕೆ ಜಾಗ ಕೊಟ್ಟಿರಿ, ಸಂತೋಷ. ಆದರೆ ಅದನ್ನು ‘ಮಾಯಾ ಕನ್ನಡಕ’ ಎಂದು ಕರೆದಿದ್ದು ಸರಿಯಲ್ಲ. ಆ ಗಾಜು ಮಾಡುವುದು ಕ್ಯಾಮೆರಾದಲ್ಲಿರುವಂತೆ ಕ್ಷಣ ತೆರೆದು ಮುಚ್ಚುವ ಶಟರ್ ಕೆಲಸ.

ಹಾಲು ಬೆರೆಸಿದ ನೀರಿಗೆ ಲೇಸರ್ ಪಲ್ಸ್, ಅಂದರೆ ಕ್ಷಣಮಾತ್ರದ ಬೆಳಕಿನ ಮಿಂಚು, ಬಿಟ್ಟರೆ ಬಹುಪಾಲು ಬೆಳಕು ಕಣಗಳಿಗೆ ಬಡಿದು, ಸುತ್ತಿ ಬಳಸಿ ತಡವಾಗಿ ಹೊರಬರುತ್ತದೆ. ಎಲ್ಲೂ ಬಡಿಯದೆ ನೇರವಾಗಿ ಬಂದ ಚೂರು ಬೆಳಕು ಎಲ್ಲಕ್ಕಿಂತ ಮೊದಲು ಬರುತ್ತದೆ. ಚಿತ್ರ ಇರುವುದು ಅದರಲ್ಲೇ. ಅದನ್ನಷ್ಟೇ ಒಳಗೆ ಬಿಟ್ಟು ಉಳಿದದ್ದನ್ನು ತಡೆಯಬೇಕು. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಫಿಲ್ಟರಿಗೆ ಪೋಲರೈಸರ್ ಎನ್ನುತ್ತಾರೆ. ಒಂದಕ್ಕೊಂದು ಅಡ್ಡವಾಗಿಟ್ಟ ಅಂಥ ಎರಡು ಪೋಲರೈಸರ್‌ಗಳ ನಡುವೆ ಗಾಜನ್ನು ಇಡುತ್ತಾರೆ. ಆಗ ಬೆಳಕು ದಾಟುವುದಿಲ್ಲ. ಇನ್ನೊಂದು ಜೋರಾದ ಪಲ್ಸ್ ಬಿದ್ದಾಗ ಮಾತ್ರ ಗಾಜು ತನ್ನ ಮೂಲಕ ಹೋಗುವ ಬೆಳಕಿನ ಕಂಪನದ ದಿಕ್ಕನ್ನು ಬದಲಿಸುತ್ತದೆ, ದಾರಿ ತೆರೆಯುತ್ತದೆ. ಒಂದು ಪಿಕೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲಿನಲ್ಲಿ, ಬೆಳಕು ಹೋಗುವುದೇ 0.3 ಮಿಲಿಮೀಟರ್. ಅಂದರೆ ಶಟರ್ ಎಷ್ಟು ಬೇಗ ಮುಚ್ಚಬೇಕು, ಯೋಚಿಸಿ!

ಈ ಉಪಾಯ ಹೊಸದೂ ಅಲ್ಲ. 1969ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ಡುಗೇ ಮತ್ತು ಹ್ಯಾನ್ಸೆನ್ ಎಂಬ ವಿಜ್ಞಾನಿಗಳು ಇಂಥ ಶಟರ್ ಮಾಡಿದ್ದರು. ಅವರು ಬಳಸಿದ್ದು ಕಾರ್ಬನ್ ಡೈಸಲ್ಫೈಡ್ ಎಂಬ ದ್ರವ. ಪ್ರಯೋಗಾಲಯವೊಂದರಲ್ಲಿ ತಂತ್ರಜ್ಞೆಯಾಗಿದ್ದ ನಾನು ಆ ದ್ರವವನ್ನು ಕ್ಯುವೆಟ್ ಎಂಬ ಪುಟ್ಟ ಪಾರದರ್ಶಕ ಪಾತ್ರೆಗಳಿಗೆ ತುಂಬಿದವಳು. ಕೆಟ್ಟ ವಾಸನೆ. ಕಿಡಿಯೇ ಬೇಕಿಲ್ಲ, ಅದರ ಆವಿ ಬಿಸಿ ತಟ್ಟೆಗೆ ತಾಗಿದರೂ ಹೊತ್ತಿಕೊಳ್ಳುತ್ತದೆ. ಮೇಲಾಗಿ ಅದರಲ್ಲಿ ಅಣುಗಳೇ ತಿರುಗಬೇಕು, ಅವು ಮತ್ತೆ ಮೊದಲಿನಂತಾಗಲು ಒಂದೆರಡು ಪಿಕೋಸೆಕೆಂಡ್ ಹಿಡಿಯುತ್ತದೆ. ಗಾಜಿನಲ್ಲಿ ಮುಖ್ಯವಾಗಿ ಸ್ಪಂದಿಸುವುದು ಎಲೆಕ್ಟ್ರಾನ್‌ಗಳು. ಪಲ್ಸ್ ಹೋಯಿತೋ, ಶಟರ್ ಮುಚ್ಚಿತು.

ಹಾಗಾದರೆ ಎಲ್ಲರೂ ಗಾಜನ್ನೇ ಬಳಸಬಹುದಲ್ವಾ? ಮಾಮೂಲಿ ಸಿಲಿಕಾ ಗಾಜಿನಲ್ಲಿ ಜೋರಾದ ಬೆಳಕಿಗೆ ಹೀಗೆ ಸ್ಪಂದಿಸುವ ಗುಣ ಆ ದ್ರವಕ್ಕಿಂತ ಸುಮಾರು ನೂರು ಪಟ್ಟು ಕಡಿಮೆ. ಅದಕ್ಕೇ ಬಿಸ್ಮತ್, ಟೆಲ್ಯೂರಿಯಂ ಬೆರೆಸಿದ ಗಾಜು, ಆರ್ಸೆನಿಕ್ ಮತ್ತು ಗಂಧಕದ ಗಾಜು ಎಂದು ಹುಡುಕಾಟ ನಡೆದಿರುವುದು. ಕೆಲವು ಗಾಜುಗಳಲ್ಲಿ ಆ ಗುಣ ಸಿಲಿಕಾದ ನೂರು ಪಟ್ಟು ಮೀರುತ್ತದೆ, ಆದರೆ ಅವು ಬೆಳಕನ್ನೂ ಜಾಸ್ತಿ ನುಂಗುತ್ತವೆ. ನಿಮ್ಮ ಲೇಖನದಲ್ಲಿ ಈ ಕಥೆಯೇ ಇರಲಿಲ್ಲ.

ಇನ್ನು ‘ಎಕ್ಸ್‌ರೇಗೆ ವಿದಾಯ’ ಎಂಬ ಸಾಲು. ಒಂದು ದಪ್ಪದಲ್ಲಿ ನೇರ ಬೆಳಕು ಸಾವಿರಕ್ಕೊಂದು ಪಾಲು ಉಳಿದರೆ, ಅದರ ಎರಡರಷ್ಟು ದಪ್ಪದಲ್ಲಿ ಉಳಿಯುವುದು ಹತ್ತು ಲಕ್ಷಕ್ಕೊಂದು ಪಾಲು. ಇಡೀ ದೇಹದ ಆಚೆ ಅದು ಎಲ್ಲಿಂದ ಬರಬೇಕು? ಡೀಸೆಲ್ ಎಂಜಿನ್ನಿನ ಇಂಜೆಕ್ಟರ್ ಚಿಮ್ಮಿಸುವ ದಟ್ಟ ತುಂತುರಿನೊಳಗೆ ಇಣುಕಲು ಈ ವಿಧಾನ ಚೆನ್ನಾಗಿ ಒದಗಿದೆ. ಮುಂದಿನ ಸಲ ಅದರ ಬಗ್ಗೆ ಬರೆಸಿ. ಪೋಲರೈಸರ್, ಗಾಜು, ಎರಡು ಪಲ್ಸ್ ಇರುವ ಒಂದು ರೇಖಾಚಿತ್ರವನ್ನೂ ಜೊತೆಗೆ ಹಾಕಿ.

– ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ