ಭಾನುವಾರದ ಮಾತುಕತೆ: ಮಯಾಮಿಗೆ ಬಂದ ಕ್ಯೂಬನ್ನರು

ಗೆಳೆಯರೇ, ಈ ಭಾನುವಾರ ಸಂಜೆ 6ಕ್ಕೆ ಕ್ಯೂಬಾ ಬಿಟ್ಟು ಅಮೆರಿಕದ ಮಯಾಮಿ ನಗರ ಸೇರಿದವರ ಬಗ್ಗೆ ಮಾತಾಡೋಣ. 1959ರಲ್ಲಿ ಫಿಡೆಲ್ ಕ್ಯಾಸ್ಟ್ರೊ ಅಧಿಕಾರಕ್ಕೆ ಬಂದ ಕ್ರಾಂತಿಯ ನಂತರ ಬಂದ ಎಷ್ಟೋ ಜನ ಬೇಗ ವಾಪಸ್ ಹೋಗುತ್ತೇವೆ ಅಂದುಕೊಂಡಿದ್ದರು. ವೈದ್ಯರು, ವಕೀಲರು ಕೂಡ ಸಿಕ್ಕ ಕೂಲಿ ಕೆಲಸ ಹಿಡಿದರು. ನನ್ನನ್ನು ಜಾಸ್ತಿ ಕಾಡುವುದು ಮಕ್ಕಳ ಕಥೆ. 1960ರಿಂದ 1962ರ ನಡುವೆ ಹೆತ್ತವರು 14,000ಕ್ಕೂ ಹೆಚ್ಚು ಮಕ್ಕಳನ್ನು ಒಂಟಿಯಾಗಿ ವಿಮಾನ ಹತ್ತಿಸಿದರು. ಕೆಲವರು ಅಪ್ಪ ಅಮ್ಮನ ಮುಖ ನೋಡಲು ವರ್ಷಗಟ್ಟಲೆ ಕಾಯಬೇಕಾಯಿತು.

1980ರಲ್ಲಿ ಕ್ಯೂಬಾದ ಮಾರಿಯೆಲ್ ಬಂದರಿನಿಂದ ಸುಮಾರು 1,25,000 ಜನ ದೋಣಿಗಳಲ್ಲಿ ಬಂದರು. ಮೊದಲೇ ನೆಲೆಸಿದ್ದ ಕ್ಯೂಬನ್ನರಲ್ಲೇ ಕೆಲವರು ಅವರನ್ನು ಅನುಮಾನದಿಂದ ನೋಡಿದರು. ಇದನ್ನೂ ಚರ್ಚಿಸಬೇಕು, ಅಲ್ವಾ?

ಮಯಾಮಿಯಲ್ಲಿ ಕ್ಯೂಬನ್ನರು ನೆಲೆಸಿದ ಬಡಾವಣೆ ಲಿಟಲ್ ಹವಾನಾ ನೋಡಿದವರು ಫೋಟೋ ಹಾಕಿ. ಸುಮ್ನೆ ರಾಜಕೀಯ ಫಾರ್ವರ್ಡ್ ಬೇಡ.